ಮುಖದಿಂದ ಬೇಡ, ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ

ಸೈನೈಡ್ ಮೋಹನನ ಕಥೆಯನ್ನು ಮುಂದೆ ಸಿನಿಮಾ ಮಾಡಲಿರುವ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ನಿರ್ದೇಶಕರೇ, ನಮಸ್ಕಾರ.

ನೀವು ಯಾರು ಅಂತ ನನಗೆ ಗೊತ್ತಿಲ್ಲ. ಬಹುಶಃ ನಿಮಗೂ ಇನ್ನೂ ಗೊತ್ತಿಲ್ಲ. ಆದರೆ ಮದುವೆಯಾಗುತ್ತೇನೆ ಅಂತ ನಂಬಿಸಿ ಹೆಣ್ಣುಮಕ್ಕಳಿಗೆ ಸೈನೈಡ್ ಕೊಟ್ಟು ಕೊಂದ ಆ ಮೋಹನನ ಮೇಲೆ ಇವತ್ತಲ್ಲ ನಾಳೆ ಮತ್ತೊಂದು ಸಿನಿಮಾ ಬಂದೇ ಬರುತ್ತದೆ. ಹಿಂದಿಯವರು ಆ ಕಥೆಯ ಎಳೆ ಹಿಡಿದು ರಾಜಸ್ಥಾನಕ್ಕೆ ಹೋದರು. ಮಲಯಾಳದವರು ಕೇರಳ ಮತ್ತು ತಮಿಳುನಾಡಿನ ಗಡಿಗೆ ಹೋದರು. ಕಥೆ ನಡೆದದ್ದು ಮಾತ್ರ ನಮ್ಮ ಬಂಟ್ವಾಳ, ಪುತ್ತೂರು, ಸುಳ್ಯದ ಕಡೆ. ನೀವು ಕನ್ನಡದಲ್ಲಿ ಮಾಡುವ ಹೊತ್ತಿಗೆ ಹೇಳಲು ನನಗೆ ನೆನಪಿರುತ್ತದೋ ಇಲ್ಲವೋ. ಹಾಗಾಗಿ ಈಗಲೇ ಬರೆಯುತ್ತಿದ್ದೇನೆ.

ಬರೆಯಲು ಕಾರಣ ‘ಕಳಂಕಾವಲ್’. 2025ರ ಡಿಸೆಂಬರ್‌ನಲ್ಲಿ ಬಂದ ಮಲಯಾಳಂ ಸಿನಿಮಾ. ಜಿತಿನ್ ಕೆ. ಜೋಸ್ ನಿರ್ದೇಶನ. ಮಮ್ಮುಟ್ಟಿ ಕೊಲೆಗಾರ, ವಿನಾಯಕನ್ ಪೊಲೀಸ್. ಮಾಮೂಲಿ ಲೆಕ್ಕದಲ್ಲಿ ಇದು ತಿರುವುಮುರುವು ಆಗಬೇಕಿತ್ತು, ಅಲ್ವಾ? ಹಾಗೆ ಆಗದೇ ಇದ್ದದ್ದೇ ನನಗೆ ಮೊದಲು ಖುಷಿ ಕೊಟ್ಟಿತು. ತಂಗಿ ಮಗಳನ್ನು ಕರೆದುಕೊಂಡು ಮಂಗಳೂರಿಗೆ ಹೋಗಿ ಥಿಯೇಟರಿನಲ್ಲೇ ನೋಡಿದೆ.

ಸುಳ್ಳು ಹೇಳುವುದಿಲ್ಲ, ಸಿನಿಮಾ ನನ್ನನ್ನು ಹಿಡಿದು ಕೂರಿಸಿತು. ಕೊಲೆಗಾರ ಯಾರು ಅನ್ನುವುದನ್ನು ಬಚ್ಚಿಡುವ ಆಟವನ್ನೇ ಇದು ಆಡುವುದಿಲ್ಲ. ಅವನನ್ನು ಮುಂದೆ ನಿಲ್ಲಿಸಿ, ಈಗ ನೋಡಿ ಅನ್ನುತ್ತದೆ. ಎಪ್ಪತ್ತನಾಲ್ಕು ವರ್ಷದ ನಟ ಒಂದು ಸಿಗರೇಟು, ಒಂದು ಓರೆ ನಗು, ಹಿಂದೆ ಹಳೆಯ ಧಾಟಿಯ ಒಂದು ತಮಿಳು ಹಾಡು ಇಟ್ಟುಕೊಂಡು ಇಡೀ ಥಿಯೇಟರನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಇಂಟರ್‌ವಲ್‌ನಲ್ಲಿ ತಂಗಿ ಮಗಳು, “ದೊಡ್ಡಮ್ಮ, ಈ ವಯಸ್ಸಲ್ಲಿ ಎಂಥ ಸ್ಟೈಲ್!” ಅಂದಳು. ನಾನೂ ಹೌದು ಅಂದೆ. ಅಂದ ಮೇಲೆ ಕೈಯಲ್ಲಿದ್ದ ಪಾಪ್‌ಕಾರ್ನ್ ಯಾಕೋ ಸೇರಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, “ಇದು ನಿಜವಾಗಿ ನಡೆದದ್ದಾ? ಅವನೂ ಹೀಗೇ ಇದ್ದನಾ?” ಅವಳಿಗೆ ಈಗ 22. ಅವನನ್ನು ಹಿಡಿದಾಗ ಅವಳು ಒಂದನೇ ಕ್ಲಾಸು. ಅವನು ಹೇಗಿದ್ದ ಅಂತ ಫೋನಿನಲ್ಲಿ ಹುಡುಕಿ ಫೋಟೋ ತೋರಿಸಿದೆ. ಅವಳ ಮುಖ ಸಪ್ಪಗಾಯಿತು. “ಇವನಾ?” ಅಂದಳು.

ಹೌದು, ಇವನೇ. ಕನ್ಯಾನದ ಕಡೆಯವನು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತಿದ್ದರೆ ನೀವು ಎರಡನೇ ಸಲ ತಿರುಗಿ ನೋಡದ ಮುಖ. ಆ ಮುಖ ನೋಡಿ ಇಪ್ಪತ್ತು ಹೆಣ್ಣುಮಕ್ಕಳು ಮರುಳಾದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವನ ಮೇಲಿದ್ದ ಕೊಲೆ ಆರೋಪಗಳು 20. ಆ ಇಪ್ಪತ್ತಕ್ಕೂ ಅವನ ಕಣ್ಣು, ನಗು, ಮಾತುಗಾರಿಕೆ ಕಾರಣ ಅಂತ ಒಪ್ಪಿಕೊಂಡರೆ ನಾವೆಲ್ಲ ಸುಲಭವಾಗಿ ಪಾರಾಗಿಬಿಡುತ್ತೇವೆ. ನನ್ನ ತಕರಾರು ಇಲ್ಲಿಂದ ಶುರು.

ಅವನು ಹೆಣ್ಣುಮಕ್ಕಳ ಹತ್ತಿರ ಹೇಳುತ್ತಿದ್ದದ್ದು ಮೂರೇ ಮಾತು. ನಾನು ನಿಮ್ಮ ಜಾತಿಯವನೇ. ನನಗೆ ಸರ್ಕಾರಿ ಕೆಲಸ ಇದೆ. ನನಗೆ ವರದಕ್ಷಿಣೆ ಬೇಡ. ಹುಡುಗಿಯ ಜಾತಿಗೆ ಹೊಂದುವ ಹಾಗೆ ಪ್ರತಿ ಸಲ ಹೆಸರು ಬದಲಾಗುತ್ತಿತ್ತು. ನೀವು ತೆರೆಯ ಮೇಲೆ ಚಾರ್ಮ್ ಅಂತ ತೋರಿಸಲು ಹೊರಟಿರುವುದು ಇದನ್ನೇ. ಇದಕ್ಕೆ ಮಮ್ಮುಟ್ಟಿ ಬೇಕಾಗಿಲ್ಲ. ಬೀಡಿ ಕಟ್ಟಿ, ಅದೂ ಇದೂ ಕೂಲಿ ಮಾಡಿ ಬದುಕುವ ಮನೆಯ ಮೂವತ್ತು ವರ್ಷದ ಮಗಳಿಗೆ ಆ ಮೂರು ಮಾತಿಗಿಂತ ದೊಡ್ಡ ಪ್ರೇಮಗೀತೆ ಯಾವುದಿತ್ತು ಹೇಳಿ?

ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. 2009ರಲ್ಲಿ ನನಗೆ 29. ನನಗೂ ಗಂಡು ನೋಡುತ್ತಿದ್ದರು. ಅಮ್ಮ ಜಗಲಿಯಲ್ಲಿ ಮೊರದಂಥ ತಡ್ಪೆ ಮಡಿಲಿಗಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಬಂದ ಗಂಡಿನವರು ಕಾಫಿ ಕುಡಿಯುತ್ತಾ, ಸೌಮ್ಯವಾಗಿ, ಎಷ್ಟು ಪವನು ಚಿನ್ನ ಹಾಕುತ್ತೀರಿ ಅಂತ ಕೇಳುತ್ತಿದ್ದರು. ಯಾರೂ ಒರಟರಲ್ಲ. ಒಳ್ಳೆಯವರೇ. ಅವರು ಹೋದ ಮೇಲೆ ಅಮ್ಮ ಸಾವಿರ ಬೀಡಿಗೆ ಎಷ್ಟು, ಪವನಿಗೆ ಎಷ್ಟು ಅಂತ ಮನಸ್ಸಲ್ಲೇ ಭಾಗಿಸುತ್ತಿದ್ದದ್ದು ಅವರ ತುಟಿಯಲ್ಲಿ ಕಾಣುತ್ತಿತ್ತು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ನಮ್ಮ ಜಗಲಿಗೆ ಅದು ಇನ್ನೂ ಬಂದಿರಲಿಲ್ಲ.

ಈಗ ಕೊಲೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

‘ಕಳಂಕಾವಲ್’ನ ಕೊಲೆಗಾರ ಕೊಲ್ಲುವುದನ್ನು ಸುಖಿಸುತ್ತಾನೆ. ಕ್ಯಾಮೆರಾ ಆ ಸುಖವನ್ನು ಅವನ ಮುಖದಲ್ಲಿ ಹುಡುಕುತ್ತದೆ. ನಟನಿಗೆ ಅದು ಹಬ್ಬ, ನಮಗೆ ಮೈ ಜುಮ್ಮೆನ್ನುತ್ತದೆ. ಆದರೆ ನಮ್ಮ ಊರಿನವನು ಮಾಡಿದ್ದೇನು? ಹುಡುಗಿಯನ್ನು ಮದುವೆಯಾಗುತ್ತೇನೆ ಅಂತ ಕರೆದುಕೊಂಡು ಬೇರೆ ಊರಿಗೆ ಹೋಗುತ್ತಿದ್ದ. ಮೈಸೂರು, ಬೆಂಗಳೂರು, ಮಡಿಕೇರಿ. ರಾತ್ರಿ ಲಾಡ್ಜು. ಬೆಳಿಗ್ಗೆ ಬಸ್ ಸ್ಟ್ಯಾಂಡು. ಒಡವೆ ರೂಮಿನಲ್ಲೇ ಬಿಟ್ಟು ಬಾ ಅನ್ನುತ್ತಿದ್ದ. ಗರ್ಭ ನಿಲ್ಲದಿರಲಿ ಅಂತ ಒಂದು ಮಾತ್ರೆ ಕೊಡುತ್ತಿದ್ದ. ವಾಂತಿ ಬಂದ ಹಾಗಾಗಬಹುದು, ಶೌಚಾಲಯದ ಒಳಗೆ ಹೋಗಿ ತಗೋ ಅನ್ನುತ್ತಿದ್ದ. ಅವಳು ಹೋಗುತ್ತಿದ್ದಳು. ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು.

ಅವಳು ಸಾಯುವಾಗ ಅವನು ಅಲ್ಲಿರಲಿಲ್ಲ, ನಿರ್ದೇಶಕರೇ. ಲಾಡ್ಜಿನ ರೂಮಿಗೆ ವಾಪಸ್ ಹೋಗಿ ಬಳೆ, ಸರ ಚೀಲಕ್ಕೆ ತುಂಬುತ್ತಿದ್ದ.

ಹಾಗಿದ್ದರೆ ಕೊಲ್ಲುವ ಸುಖ ಎಲ್ಲಿಂದ ಬಂತು? ಅದು ಸಿನಿಮಾದವರು ಸೇರಿಸಿದ್ದು. ರಕ್ತ ಇಲ್ಲ, ಕೂಗಾಟ ಇಲ್ಲ, ಕೊಲೆಗಾರನೇ ದೃಶ್ಯದಲ್ಲಿಲ್ಲ. ಇಂಥದ್ದನ್ನು ಕ್ರೈಮ್ ಥ್ರಿಲ್ಲರ್‌ನಲ್ಲಿ ಹೇಗೆ ತೋರಿಸುವುದು ಅಂತ ನಿಮಗೆ ಕಷ್ಟವಾಗಬಹುದು, ಗೊತ್ತು. ಆದರೆ ಹೇಳುತ್ತೇನೆ, ನಾನು ನೋಡಿದ ಯಾವ ಕತ್ತಿ, ಸುತ್ತಿಗೆಯ ದೃಶ್ಯಕ್ಕಿಂತಲೂ ಆ ಚಿಲಕದ ಸದ್ದು ನನ್ನನ್ನು ಜಾಸ್ತಿ ಹೆದರಿಸುತ್ತದೆ. ಈಗಲೂ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಶೌಚಾಲಯಕ್ಕೆ ಹೋದರೆ ಕೈ ಒಂದು ಕ್ಷಣ ತಡೆಯುತ್ತದೆ.

ನೀವು ಕಥೆಯನ್ನು ಅಲ್ಲಿಂದ ಶುರು ಮಾಡಿ. ಅವನ ಮುಖದಿಂದ ಬೇಡ. ಚಿಲಕ ತೆಗೆಯದ ಒಂದು ಬಾಗಿಲು. ಹೊರಗೆ ಚಿಲ್ಲರೆ ತಗೊಳ್ಳುವವನು. ನೆಲ ತೊಳೆಯುವ ಹೆಂಗಸು ಮೊದಲು ಬಡಿಯುತ್ತಾಳೆ, ಆಮೇಲೆ ಬೈಯುತ್ತಾಳೆ, ಆಮೇಲೆ ಹೆದರುತ್ತಾಳೆ. ಬಾಗಿಲು ಒಡೆದರೆ ಚೆಂದದ ಸೀರೆ ಉಟ್ಟ ಹುಡುಗಿ. ಮೈಮೇಲೆ ಒಂದು ಎಳೆ ಚಿನ್ನ ಇಲ್ಲ. ಸ್ಟೇಷನ್ನಿನಲ್ಲಿ ಒಂದು ಅಸಹಜ ಸಾವಿನ ಕೇಸು. ಬಾಗಿಲು ಒಳಗಿನಿಂದ ಹಾಕಿತ್ತು, ಅಂದ ಮೇಲೆ ಆತ್ಮಹತ್ಯೆ ಇರಬೇಕು. ಗುರುತು ಸಿಕ್ಕಿಲ್ಲ. ಕಾದು ನೋಡಿ, ಯಾರೂ ಬರದಿದ್ದರೆ ಮಣ್ಣು.

ಇದು ಒಂದು ಸಲ ಆದರೆ ಯಾರ ತಪ್ಪೂ ಅಲ್ಲ ಅನ್ನಬಹುದು. ಮತ್ತೆ ಮತ್ತೆ ಆಯಿತು. ವರ್ಷಗಟ್ಟಲೆ ನಡೆಯಿತು. ಬೇರೆ ಬೇರೆ ಊರಿನ ಸ್ಟೇಷನ್ನುಗಳು, ಬೇರೆ ಬೇರೆ ಫೈಲುಗಳು. ಒಂದೇ ಥರದ ಸಾವು ಅಂತ ಆ ಫೈಲುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಲು 2009ರ ತನಕ ಕಾಯಬೇಕಾಯಿತು. ಅವನು ತುಂಬಾ ಬುದ್ಧಿವಂತ ಅಂತ ಎಲ್ಲ ಸಿನಿಮಾಗಳೂ ತೋರಿಸುತ್ತವೆ. ಬುದ್ಧಿವಂತನೋ ಏನೋ. ಒಂದೇ ಉಪಾಯವನ್ನು ಇಪ್ಪತ್ತು ಸಲ ಮಾಡಿದವನನ್ನು ಬುದ್ಧಿವಂತ ಅನ್ನುವುದಕ್ಕಿಂತ, ಅದನ್ನು ಇಪ್ಪತ್ತು ಸಲ ಮಾಡಲು ಬಿಟ್ಟವರು ಯಾರು ಅಂತ ಕೇಳುವುದು ಸರಿ.

ಇನ್ನು ಮನೆಯವರು. ಕೆಲವು ಮನೆಗಳಿಂದ ದೂರೇ ಹೋಗಿರಲಿಲ್ಲ. ಮಗಳು ಯಾರ ಜೊತೆಗೋ ಓಡಿಹೋಗಿದ್ದಾಳೆ, ಎಲ್ಲೋ ಸುಖವಾಗಿರಲಿ ಅಂದುಕೊಂಡಿದ್ದರು. ದೂರು ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ, ಮನೆಯಲ್ಲಿ ಇನ್ನೊಬ್ಬಳು ಮದುವೆಗೆ ಇದ್ದಾಳೆ. ಒಬ್ಬ ಹುಡುಗಿ ಆ ಮಾತ್ರೆ ತಗೊಂಡೂ ಬದುಕಿ ಉಳಿದಳು. ಮುಂದೆ ಅವಳೇ ಕೋರ್ಟಿಗೆ ಬಂದು ಸಾಕ್ಷಿ ಹೇಳಿದಳು. ಅಷ್ಟು ದಿನ ಅವಳು ಬಾಯಿ ಬಿಡದೆ ಹೇಗೆ ಇದ್ದಳು, ಮನೆಯ ಅಂಗಳ ಗುಡಿಸುವಾಗ, ಬಾವಿಯಿಂದ ನೀರು ಸೇದುವಾಗ ಏನು ನೆನೆಯುತ್ತಿದ್ದಳು? ನನ್ನನ್ನು ಕೇಳಿದರೆ ನಿಮ್ಮ ನಾಯಕಿ ಅವಳು. ನಾನು ನೋಡಿದ ಹಿಂದಿ, ಮಲಯಾಳಂ ಎರಡರಲ್ಲೂ ನಡುಮಧ್ಯೆ ನಿಂತಿದ್ದು ಅವಳಲ್ಲ.

‘ಕಳಂಕಾವಲ್’ ಅನ್ನುವ ಹೆಸರನ್ನೇ ನೋಡಿ. ತಿರುವನಂತಪುರದ ಹತ್ತಿರ ವೆಳ್ಳಾಯಣಿ ದೇವಸ್ಥಾನದ ಒಂದು ಆಚರಣೆ ಅದು. ಭದ್ರಕಾಳಿ ದಾರಿಕಾಸುರನನ್ನು ಹುಡುಕಿಕೊಂಡು ದಿಕ್ಕು ದಿಕ್ಕಿಗೂ ಹೋಗುವುದು. ಎಷ್ಟು ಒಳ್ಳೆಯ ಹೆಸರು! ಹೆಸರಿನಲ್ಲಿ ದೇವಿ ಬೇಟೆಗೆ ಹೊರಟಿದ್ದಾಳೆ. ಸಿನಿಮಾದಲ್ಲಿ ಬೇಟೆಯಾಡುವವನೂ ಗಂಡಸು, ಅವನ ಬೆನ್ನು ಹತ್ತಿದವನೂ ಗಂಡಸು. ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಂದು, ಒಂದು ಹಾಡಿನಷ್ಟು ಹೊತ್ತು ನಕ್ಕು, ಹೋಗಿಬಿಡುತ್ತಾರೆ. ಅವರಲ್ಲಿ ಇಬ್ಬರ ಹೆಸರು ಹೇಳು ಅಂದರೆ ತಂಗಿ ಮಗಳಿಗೆ ಬಸ್ಸು ಹತ್ತುವಷ್ಟರಲ್ಲಿ ಮರೆತುಹೋಗಿತ್ತು. ನನಗೂ.

ವಿನಾಯಕನ್ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಅಬ್ಬರ ಇಲ್ಲದೆ, ಸುಸ್ತಾದ ಸರ್ಕಾರಿ ನೌಕರನ ಹಾಗೆ ಪೊಲೀಸನ ಪಾತ್ರ ಮಾಡಿದ್ದಾರೆ. ಕಾಣೆಯಾದ ಹುಡುಗಿಯರ ಹೆಸರು ಒಂದೊಂದಾಗಿ ಅವರ ಪಟ್ಟಿಗೆ ಸೇರುವ ಭಾಗ ಸಿನಿಮಾದ ಅತ್ಯಂತ ಒಳ್ಳೆಯ ಭಾಗ. ಆಮೇಲೆ ಕಥೆಗೆ ಅವಸರ ಹತ್ತುತ್ತದೆ.

ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಮಾಡಿದ ಹಿಂದಿಯ ‘ದಹಾಡ್’ 2023ರಲ್ಲಿ ಬಂತು. ಅದು ಎಂಟು ಕಂತಿನ ಸೀರೀಸ್, ಸಿನಿಮಾ ಅಲ್ಲ. ರಾಜಸ್ಥಾನದ ಮಂಡಾವ ಊರು. ಕೊಲೆಗಾರ ಕಾಲೇಜಿನಲ್ಲಿ ಹಿಂದಿ ಮೇಷ್ಟ್ರು, ರಜೆಯಲ್ಲಿ ವ್ಯಾನಿನಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿ ಮಕ್ಕಳಿಗೆ ಓದಲು ಕೊಡುವವನು. ಬೆನ್ನು ಹತ್ತುವವಳು ಒಬ್ಬ ಸಬ್ ಇನ್ಸ್‌ಪೆಕ್ಟರ್. ಜಾತಿಯ ಕಾರಣಕ್ಕೆ ಅವಳೂ ಅವಮಾನ ನುಂಗಿದವಳು. ಮನೆಯಲ್ಲಿ ಅವಳ ತಾಯಿಗೂ ಅವಳ ಮದುವೆಯದ್ದೇ ಚಿಂತೆ. ಎಳೆದಾಟ ಜಾಸ್ತಿ ಇದೆ, ಎರಡು ಕಂತು ಕಡಿಮೆ ಮಾಡಬಹುದಿತ್ತು. ಆದರೆ ಅಲ್ಲಿ ಹುಡುಗಿಯರು ಯಾಕೆ ಹೋದರು ಅನ್ನುವ ಪ್ರಶ್ನೆ ಇದೆ. ಅವನು ಎಷ್ಟು ಚಂದ ಅನ್ನುವ ಪ್ರಶ್ನೆ ಇಲ್ಲ.

ಎರಡರಲ್ಲೂ ನಮ್ಮ ಊರಿನ ಇನ್ನೊಂದು ಸಂಗತಿ ಇದೆ. 2009ರಲ್ಲಿ ಬಂಟ್ವಾಳ ತಾಲೂಕಿನ ಬರಿಮಾರಿನಿಂದ ಒಬ್ಬ ಹುಡುಗಿ ಕಾಣೆಯಾದಳು. ಬೇರೆ ಧರ್ಮದವನ ಜೊತೆ ಹೋಗಿದ್ದಾಳೆ ಅಂತ ಸುದ್ದಿ ಹಬ್ಬಿತು. ಪೊಲೀಸ್ ಠಾಣೆಯ ಮುಂದೆ ಗಲಾಟೆಯಾಯಿತು. ಆ ಒತ್ತಡಕ್ಕೇ ಪೊಲೀಸರು ಫೋನ್ ಕರೆಗಳ ದಾಖಲೆ ಹಿಡಿದು ಹೊರಟದ್ದು, ಒಬ್ಬ ಕಾಣೆಯಾದವಳಿಂದ ಇನ್ನೊಬ್ಬ ಕಾಣೆಯಾದವಳಿಗೆ ದಾರಿ ಸಿಕ್ಕಿದ್ದು, ಅಕ್ಟೋಬರ್‌ನಲ್ಲಿ ಅವನು ಸಿಕ್ಕಿಬಿದ್ದದ್ದು. ಅದೇ ವರ್ಷದ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದಿದ್ದರು. ಹೆಣ್ಣುಮಕ್ಕಳು ಯಾರ ಜೊತೆ ಓಡಾಡುತ್ತಾರೆ ಅಂತ ಇಡೀ ಜಿಲ್ಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ವರ್ಷ ಅದು. ಕಾವಲು ಅಷ್ಟು ಗಟ್ಟಿ ಇತ್ತು. ಇವನು ಸ್ವಜಾತಿ ಅಂತ ಹೇಳಿಕೊಂಡು ಅದರ ನಡುವಿನಿಂದಲೇ ದಾಟಿ ಹೋಗಿದ್ದ.

ಈ ಒಂದು ದೃಶ್ಯವನ್ನು ಬಿಡದೆ ಮಾಡಿ, ನಿರ್ದೇಶಕರೇ. ಸೆನ್ಸಾರ್‌ನವರ ಕೈಗೆ ಹೋದರೆ ಏನಾಗುತ್ತದೆ ಅನ್ನುವುದು ಆಮೇಲಿನ ಮಾತು.

ಕೊಲೆಗಾರರಿಗೆ ಮೆರುಗು ಹಚ್ಚುವುದು ನಮ್ಮಲ್ಲಿ ಮಾತ್ರ ಇರುವ ಚಾಳಿ ಅಲ್ಲ ಬಿಡಿ. ಅಮೆರಿಕದ ಟೆಡ್ ಬಂಡಿಯ ಮೇಲೆ 2019ರಲ್ಲಿ ಜಾಕ್ ಎಫ್ರಾನ್ ಹೀರೋ ಆಗಿ ಸಿನಿಮಾ ಬಂತು. ಅದೇ ವರ್ಷ ಅವನ ಮೇಲೆ ಸಾಕ್ಷ್ಯಚಿತ್ರವೂ ಬಂತು. ಅವನು ಎಷ್ಟು ಚೆಲುವ ಅಂತ ಜನ ಎಷ್ಟು ಮಾತಾಡಿದರೆಂದರೆ ನೆಟ್‌ಫ್ಲಿಕ್ಸ್‌ನವರೇ ಟ್ವೀಟ್ ಮಾಡಿ, ನಮ್ಮಲ್ಲಿ ಸಾವಿರಾರು ಚೆಲುವರಿದ್ದಾರೆ, ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕೊಲೆಗಾರರಲ್ಲ ಅಂತ ನೆನಪಿಸಬೇಕಾಯಿತು. 1979ರಲ್ಲಿ ಬಂಡಿಗೆ ಮರಣದಂಡನೆ ಕೊಟ್ಟ ನ್ಯಾಯಾಧೀಶರೂ, ನೀನು ಒಳ್ಳೆಯ ವಕೀಲನಾಗುತ್ತಿದ್ದೆ ಅಂತ ಮರುಗಿದ್ದರು. ಬಂಡಿ ತನ್ನ ಕೇಸನ್ನು ತಾನೇ ವಾದಿಸಿದ್ದ. ನಮ್ಮವನೂ ಹಾಗೇ, ಮಂಗಳೂರಿನ ಕೋರ್ಟಿನಲ್ಲಿ ತಾನೇ ವಾದ ಮಾಡಿದ. 2013ರ ಡಿಸೆಂಬರ್‌ನಲ್ಲಿ ಮರಣದಂಡನೆ ಆಯಿತು. ಒಂದು ಪ್ರಕರಣದಲ್ಲಿ ಹೈಕೋರ್ಟ್ 2017ರಲ್ಲಿ ಅದನ್ನು ಸಾಯುವ ತನಕ ಜೈಲು ಅಂತ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬರುವಾಗ 2020 ಆಗಿತ್ತು. ಹನ್ನೊಂದು ವರ್ಷ ಒಬ್ಬೊಬ್ಬ ಹುಡುಗಿಯ ಮನೆಯವರೂ ಸರದಿಯಲ್ಲಿ ಕಾದರು. ಸಿನಿಮಾಗಳು ಕೊಲೆಗಾರ ಸಿಕ್ಕಿಬಿದ್ದ ಕೂಡಲೇ ಮುಗಿಯುತ್ತವೆ. ಒಳ್ಳೆಯದೇ, ಟಿಕೆಟ್ ದುಡ್ಡಿಗೆ ಅಷ್ಟು ಸಾಕು.

ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಸೈಕೋಪಾತ್‌ಗಳನ್ನು ಗುರುತಿಸಲು 20 ಅಂಶಗಳ ಒಂದು ಪಟ್ಟಿ ಮಾಡಿದ್ದಾರೆ. ಮೊದಲನೆಯ ಅಂಶವೇ ಮೋಡಿ. ಆದರೆ ಅವರು ಬರೀ ಮೋಡಿ ಅಂದಿಲ್ಲ, ಮೇಲುಮೇಲಿನ ಮೋಡಿ ಅಂದಿದ್ದಾರೆ. ಉಗುರಿನಿಂದ ಕೆರೆದರೆ ಉದುರಿಹೋಗುವಂಥದ್ದು. ಸಿನಿಮಾದವರು ಆ ‘ಮೇಲುಮೇಲಿನ’ ಅನ್ನುವ ಪದ ಬಿಟ್ಟು ಮೋಡಿಯನ್ನು ಮಾತ್ರ ತಗೊಂಡರು. ನಮ್ಮವನು ಆ ಪಟ್ಟಿಗೆ ಸೇರುತ್ತಾನೋ ಇಲ್ಲವೋ ಹೇಳಲು ನಾನು ಡಾಕ್ಟರಲ್ಲ. ಚಿನ್ನದ ಆಸೆಗೆ ಕೊಂದ ಅನ್ನುವಷ್ಟು ನನಗೂ ಅರ್ಥವಾಗುತ್ತದೆ.

ಹಾಗಂತ ಕೊಲೆಗಾರನನ್ನೇ ತೋರಿಸಬೇಡಿ ಅನ್ನುತ್ತಿಲ್ಲ. ನೋಡುವುದಾದರೆ ಇದೇ ಮಮ್ಮುಟ್ಟಿಯ ‘ವಿಧೇಯನ್’ ನೋಡಿ. ಅಡೂರು ಗೋಪಾಲಕೃಷ್ಣನ್ ಸಿನಿಮಾ. ಪಾಲ್ ಜಕಾರಿಯಾ ಕಥೆ. ನಡೆಯುವುದು ನಮ್ಮ ದಕ್ಷಿಣ ಕನ್ನಡದಲ್ಲೇ, ಮಾತಿನಲ್ಲಿ ಕನ್ನಡವೂ ಬರುತ್ತದೆ. ಭಾಸ್ಕರ ಪಟೇಲ ಅನ್ನುವ ಜಮೀನ್ದಾರನ ಕ್ರೌರ್ಯದ ಕಥೆ. ಪಟೇಲನಿಗೂ ಗತ್ತಿದೆ, ಮೀಸೆ ಇದೆ, ಬಂದೂಕಿದೆ. ಆದರೆ ನಾವು ಅವನನ್ನು ನೋಡುವುದು ಅವನ ಆಳು ತೊಮ್ಮಿಯ ಕಣ್ಣಿನಿಂದ. ಒದೆ ತಿಂದವನ ಕಣ್ಣಿನಿಂದ. ಹಾಗಾಗಿ ಪಟೇಲ ಎಷ್ಟು ಹತ್ತಿರ ಬಂದರೂ ನಮಗೆ ಹೆದರಿಕೆ, ಅಸಹ್ಯ, ಕೊನೆಗೆ ಒಂದು ವಿಚಿತ್ರ ಕನಿಕರ. ಶಿಳ್ಳೆ ಹೊಡೆಯಬೇಕು ಅನಿಸುವುದೇ ಇಲ್ಲ. ಆ ವರ್ಷ ಮಮ್ಮುಟ್ಟಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದರಲ್ಲಿ ಈ ಪಾತ್ರವೂ ಸೇರಿತ್ತು. ಅದೇ ನಟ, ಅದೇ ಕೆಟ್ಟತನ. ಕ್ಯಾಮೆರಾ ನಿಂತ ಜಾಗ ಬೇರೆ.

ನಿಮ್ಮ ಸಿನಿಮಾದಲ್ಲಿ ಮೋಹನನ ಪಾತ್ರಕ್ಕೆ ಸ್ಟಾರ್ ಬೇಡ. ಯಾರಿಗೂ ಗೊತ್ತಿಲ್ಲದ ಒಬ್ಬ ನಾಟಕದ ನಟ ಸಾಕು. ಅವನು ಬರುವಾಗ ಹಿನ್ನೆಲೆ ಸಂಗೀತ ಬೇಡ. ಅವನ ಬಾಲ್ಯದಲ್ಲಿ ಏನಾಯಿತು ಅಂತ ಕಪ್ಪುಬಿಳುಪಿನಲ್ಲಿ ತೋರಿಸುವುದಂತೂ ಖಂಡಿತ ಬೇಡ. ಹುಡುಗಿ ತೆಗೆದುಕೊಂಡು ಹೋದ ಒಡವೆ ಯಾರ್ಯಾರಿಂದ ಕೇಳಿ ತಂದದ್ದು, ಸೀರೆ ಯಾವ ಅಂಗಡಿಯದ್ದು, ಯಾವ ಬಸ್ಸಿಗೆ ಹತ್ತಿದಳು, ಕಿಟಕಿ ಪಕ್ಕ ಕೂತಳಾ, ದಾರಿಯಲ್ಲಿ ವಾಂತಿ ಬರಬಾರದು ಅಂತ ಲಿಂಬೆಹಣ್ಣು ಹಿಡಿದುಕೊಂಡಿದ್ದಳಾ, ಅದನ್ನು ತೋರಿಸಿ. ಮನೆಯವರ ಒಪ್ಪಿಗೆ ಇಲ್ಲದೆ ಆ ಹುಡುಗಿಯರ ನಿಜವಾದ ಹೆಸರು ಮಾತ್ರ ಬಳಸಬೇಡಿ.

ಕೊನೆಗೆ ಒಂದು ದೃಶ್ಯ ನಾನೇ ಕೊಡುತ್ತೇನೆ. ಬೇಕಾದರೆ ತಗೊಳ್ಳಿ.

2009ರ ಸೆಪ್ಟೆಂಬರಿನಲ್ಲಿ ನನಗೊಂದು ಸಂಬಂಧ ಬಂದಿತ್ತು. ಬ್ರೋಕರ್ ಮೂಲಕ ಬಂದದ್ದು. ಹುಡುಗ ಹಾಸನದ ಕಡೆ ಕೆಲಸದಲ್ಲಿದ್ದ. ಏನೂ ಬೇಡ, ಹುಡುಗಿ ಒಳ್ಳೆಯವಳಾದರೆ ಸಾಕು ಅಂದಿದ್ದ. ಅಮ್ಮ ಆ ದಿನ ಬೀಡಿ ಕಟ್ಟುವುದು ಬಿಟ್ಟು ಪಾಯಸ ಮಾಡಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಪೇಪರಿನಲ್ಲಿ ಮೋಹನನ ಫೋಟೋ ಬಂತು. ಅಪ್ಪ ಪೇಪರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಕೂತರು. ಆಮೇಲೆ ಬ್ರೋಕರ್‌ಗೆ ಫೋನ್ ಮಾಡಿ ಸಂಬಂಧ ಬೇಡ ಅಂದರು. ಯಾಕೆ ಅಂತ ಅವನು ಕೇಳಿರಬೇಕು. ಅಪ್ಪ ಹೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು, “ಏನೂ ಕೇಳದವನು ಬೇಡ ಮಾರಾಯ. ಸ್ವಲ್ಪ ಕೇಳುವವರು ಇದ್ದರೆ ಹೇಳು.”

ಆ ಹಾಸನದ ಹುಡುಗ ಪಾಪ ನಿಜವಾಗಿ ಒಳ್ಳೆಯವನೇ ಇರಬಹುದು. ಮರುವರ್ಷ ಎಂಟು ಪವನು ಕೇಳಿದವರ ಮನೆಗೆ ನನ್ನನ್ನು ಕೊಟ್ಟರು. ಕೇಳಿದಾಗ ಅಪ್ಪನ ಮುಖದಲ್ಲಿ ನೆಮ್ಮದಿ ಕಂಡಿತು.

ಈ ದೃಶ್ಯಕ್ಕೆ ನನಗೆ ದುಡ್ಡು ಕೊಡಬೇಡಿ. ಟೈಟಲ್ ಕಾರ್ಡಿನಲ್ಲಿ ಹೆಸರೂ ಬೇಡ.

ಇತಿ,
ಬಂಟ್ವಾಳ ತಾಲೂಕಿನ ಒಬ್ಬ ಪ್ರೇಕ್ಷಕಿ